ಕೆಂಪು ಹೊಲದ ಚರಗ

ಮಂಗಳ ಗ್ರಹದ ಮೇಲೆ ಎಳ್ಳ ಅಮವಾಸ್ಯೆ ಯಾವತ್ತು ಬರುತ್ತದೆ?

ಈ ಪ್ರಶ್ನೆ ಎತ್ತಿದವರು ವಿಜ್ಞಾನಿಗಳಲ್ಲ, ಗಂಗವ್ವ. ಎತ್ತಿದ್ದು ಸಭೆಯಲ್ಲೂ ಅಲ್ಲ, ಅಡುಗೆಮನೆಯ ವಿದ್ಯುತ್ ಹಂಚಿನ ಮುಂದೆ. ಭೂಮಿಯಲ್ಲಿ ಒಂದು ಕಿಲೋ ತೂಗುವ ವಸ್ತು ಇಲ್ಲಿ ಅರ್ಧ ಕಿಲೋ ಕೂಡ ತೂಗುವುದಿಲ್ಲ. ಅಂಥ ಊರಿನಲ್ಲಿ ರೊಟ್ಟಿ ಬಡಿಯುವುದೆಂದರೆ ಹುಡುಗಾಟವಲ್ಲ. ಸ್ವಲ್ಪ ಜೋರಾಗಿ ಬಡಿದರೆ ರೊಟ್ಟಿ ಕೈಬಿಟ್ಟು ಮೇಲೇಳುತ್ತದೆ. ಗಂಗವ್ವ ಅದನ್ನು ಅಂಗೈಯಲ್ಲಿ ಅದುಮಿ ಹದ್ದುಬಸ್ತಿನಲ್ಲಿಟ್ಟುಕೊಂಡು ಸೊಸೆಯನ್ನು ಕೇಳಿದರು.

"ಅಲ್ಲ ದಾಕ್ಷಾಯಿಣಿ, ಇಲ್ಲಿ ಚಂದ್ರ ಎರಡು ಅದಾವ ಅಂತೀರಿ. ಒಂದಂತೂ ಪಡುವಣದಾಗ ಹುಟ್ಟತೈತಿ. ಬೆಳಿಗ್ಗೆ ಬಂದದ್ದು ಸಂಜೀಕ ಮತ್ತ ಬರತೈತಿ. ನಾವು ಯಾವುದರ ಅಮಾಸಿ ಹಿಡೀಬೇಕು?"

"ಯಾವುದರದೂ ಬ್ಯಾಡ ಬಿಡ್ರಿ ಅತ್ತಿ. ಬಟಾಟಿಯಂಥಾ ಎರಡು ಕಲ್ಲು ಅವು. ಅವಕ್ಕೆಲ್ಲಿ ಹುಣ್ಣಿಮಿ, ಅವಕ್ಕೆಲ್ಲಿ ಅಮಾಸಿ?"

"ಹಂಗಾರ ನಾ ಊರಿನ ಪಂಚಾಂಗನ ಹಿಡೀತೀನಿ. ಮೊಬೈಲ್‌ನ್ಯಾಗ ಐತಿ. ಬರೂ ವಾರ ಬಂತು ನೋಡು. ಎಲ್ಲಾರಿಗೂ ಹೇಳಿ ಬಿಟ್ಟೀನಿ."

ದಾಕ್ಷಾಯಿಣಿ ಹೂಂಗುಟ್ಟಿ ಎದ್ದಳು. ಅವಳ ತಲೆಯಲ್ಲಿ ಬೇರೆಯದೇ ಲೆಕ್ಕ ಓಡುತ್ತಿತ್ತು. ಊಟದ ಮನೆಯಲ್ಲಿ ಎಲ್ಲರೂ ಕೂತು ಒಂದು ಹೊತ್ತು ಹಬ್ಬದೂಟ ಮಾಡಿದರೆ ಮಾಡಲಿ, ಅದರಿಂದ ಯಾರಿಗೇನು ನಷ್ಟ ಎಂದುಕೊಂಡಳು.

ಈ ವಸಾಹತಿಗೆ ಸರ್ಕಾರಿ ಕಾಗದದಲ್ಲಿ ಉದ್ದನೆಯ ಹೆಸರೂ ಒಂದು ನಂಬರೂ ಇದ್ದವು. ಜನ ಕರೆಯುತ್ತಿದ್ದುದು ಎರೆಹೊಲ ಎಂದು. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಕೆಂಪು ಮಣ್ಣು, ಹೆಸರು ಮಾತ್ರ ಕಪ್ಪು ಮಣ್ಣಿನದು. ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಗದಗ, ವಿಜಯಪುರದ ಕಡೆಯವರು. ಕಡಿಮೆ ನೀರಿನಲ್ಲಿ ಜೋಳ ಬೆಳೆದು ಗೊತ್ತಿದ್ದ ಮನೆತನದವರು ಬೇಕು, ಕುಟುಂಬ ಸಮೇತ ಬರಬೇಕು ಎಂದು ಯೋಜನೆಯವರು ಕೇಳಿದ್ದರು. ವಯಸ್ಸಾದವರ ಮೈ ಇಲ್ಲಿ ಹೇಗೆ ಬಾಳುತ್ತದೆ ಎಂದು ನೋಡಲು ಒಬ್ಬರಾದರೂ ಹಿರಿಯರು ಬೇಕಿತ್ತು. ಹಾಗೆ ಬಂದವರು ಗಂಗವ್ವ. "ನಾ ಇಲ್ಲಿ ಪ್ರಯೋಗದ ಇಲಿ ಆಗೀನಿ, ಆದ್ರ ರೊಟ್ಟಿ ಮಾಡೂ ಇಲಿ" ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು.

ದಾಕ್ಷಾಯಿಣಿ ಮಣ್ಣಿನ ವಿಜ್ಞಾನಿ. ಮಂಗಳದ ಮಣ್ಣಿನಲ್ಲಿ ವಿಷದ ಉಪ್ಪಿದೆ. ಅದನ್ನು ತೊಳೆದು ತೆಗೆದು, ಗೊಬ್ಬರ ಬೆರೆಸಿ, ಭೂಮಿಯಿಂದ ತಂದ ಸೂಕ್ಷ್ಮಜೀವಿಗಳನ್ನು ಊಡಿಸಿ, ದೊಡ್ಡ ಪಾರದರ್ಶಕ ಗುಮ್ಮಟದ ಕೆಳಗೆ ಹೊಲ ಮಾಡುವುದು ಅವಳ ಕೆಲಸ. ಮೊದಲ ಬೆಳೆ ಮೊಳಕೆಯಲ್ಲೇ ಸುಟ್ಟುಹೋಯಿತು. ಯಾರದೋ ಬೂಟಿನಿಂದ ಹೊರಗಿನ ಉಪ್ಪುಮಣ್ಣು ಒಳಗೆ ಬಂದಿತ್ತೆಂಬ ಅನುಮಾನದಿಂದ ಅವಳು ಅಂದೇ ಕಟ್ಟುನಿಟ್ಟಿನ ನಿಯಮ ಮಾಡಿದಳು: ಹೊಲದೊಳಗೆ ಯಾರೂ ಕಾಲಿಡಬಾರದು. ನೀರು ಕೊಳವೆಯಲ್ಲಿ ಹೋಗಬೇಕು, ಬೆಳೆಯನ್ನು ಕ್ಯಾಮೆರಾ ನೋಡಬೇಕು, ಅವಳೂ ಗಾಜಿನಾಚೆ ನಿಂತೇ ನೋಡಬೇಕು.

ಎರಡನೆಯ ಬೆಳೆ ಬಂದದ್ದನ್ನು ನೋಡಬೇಕಿತ್ತು! ಹಚ್ಚಗೆ ಎದ್ದು ನಿಂತು, ತೆನೆ ಹೊರಬಿದ್ದು, ಜನ ಗಾಜಿನ ಮುಂದೆ ಸಾಲುಗಟ್ಟಿ ಫೋಟೋ ತೆಗೆಸಿಕೊಂಡರು. ಕೊಯ್ಲಿನ ದಿನ ತೆನೆಯನ್ನು ಕೈಗೆ ತೆಗೆದುಕೊಂಡರೆ ಅರಳೆಯಷ್ಟು ಹಗುರ. ಒಂದರಲ್ಲೂ ಕಾಳಿಲ್ಲ, ಬರೀ ಜೊಳ್ಳು. ದಾಕ್ಷಾಯಿಣಿ ತಲೆ ಎತ್ತಿ ಯಾರ ಮುಖವನ್ನೂ ನೋಡಲಾರದೆ ನಿಂತಿದ್ದಳು. ಆದರೆ ಅವತ್ತು ಒಬ್ಬರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಮರುದಿನದಿಂದ ಪ್ರತಿಯೊಬ್ಬರೂ ತಟ್ಟೆಗೆ ಒಂದು ರೊಟ್ಟಿ ಕಡಿಮೆ ಹಾಕಿಸಿಕೊಳ್ಳತೊಡಗಿದರು, ಅಷ್ಟೇ. ಬೈದಿದ್ದರೆ ಮರೆತುಬಿಡುತ್ತಿದ್ದಳೇನೋ. ಈ ಮರ್ಯಾದೆಯನ್ನು ಮರೆಯುವುದು ಅವಳಿಂದ ಸಾಧ್ಯವಾಗಿರಲಿಲ್ಲ.

ಈಗ ನಿಂತಿರುವುದು ಮೂರನೆಯ ಬೆಳೆ. ತೆನೆ ಹೊರಬಂದು ಹೂವು ಕಾಣತೊಡಗಿತ್ತು.

ನಿಯಂತ್ರಣ ಕೊಠಡಿಯಲ್ಲಿ ಫಹಮೀದಾ ಇನಾಮದಾರ ಕಾದಿದ್ದರು. ವಸಾಹತಿನ ಮುಖ್ಯಸ್ಥೆ, ವಿಜಯಪುರದವರು. ಮಾತು ಕಡಿಮೆ, ಚಹಾ ಜಾಸ್ತಿ. ಅವರ ಹಿಂದಿನ ಪರದೆಯ ಮೇಲೆ ಹೊರಗಿನ ಬಯಲಿನಲ್ಲಿ ನಿಂತ ನೌಕೆ ಕಾಣುತ್ತಿತ್ತು. ಭೂಮಿ ಮತ್ತು ಮಂಗಳ ಸರಿಯಾದ ಜಾಗಕ್ಕೆ ಬಂದಾಗ ಮಾತ್ರ ಅದು ಹೊರಡಬಲ್ಲದು. ಈ ಸಲ ತಪ್ಪಿದರೆ ಮತ್ತೆ ಎರಡು ವರ್ಷದ ಮಾತು. ಈ ಸಲದ ನೌಕೆಯಲ್ಲಿ ಎಲ್ಲರಿಗೂ ಸೀಟು ಇತ್ತು. ಭೂಮಿಯ ಯೋಜನೆಯವರು ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: ನಿಮ್ಮ ಅನ್ನ ನೀವು ಬೆಳೆದುಕೊಳ್ಳುವ ಭರವಸೆ ಇದ್ದರೆ ಇರಿ, ಇಲ್ಲವಾದರೆ ಎಲ್ಲರೂ ಹತ್ತಿ ಬನ್ನಿ, ಬಾಗಿಲು ಹಾಕಿಬಿಡೋಣ. ಫಜೀತಿಯೆಂದರೆ ನೌಕೆ ಹೊರಡುವುದು ಮೊದಲು, ಕಾಳು ಕಟ್ಟಿತೋ ಇಲ್ಲವೋ ತಿಳಿಯುವುದು ಆಮೇಲೆ.

"ಕಾಳು ಕಟ್ಟತೈತೇನ್ರಿ?" ಎಂದರು ಫಹಮೀದಾ.

"ಗೊತ್ತಿಲ್ಲ ಮೇಡಂ. ಹೋದ ಸಲ ಯಾಕ ಜೊಳ್ಳಾತು ಅನ್ನೂದ ಇನ್ನೂ ಗೊತ್ತಾಗಿಲ್ಲ. ಮಣ್ಣಿನಾಗ ಬೋರಾನ್ ಕಡಿಮಿ ಇತ್ತು, ಹಾಕೀನಿ. ಅದ ಕಾರಣ ಹೌದೋ ಅಲ್ಲೋ ಹೇಳಾಕಾಗೂದಿಲ್ಲ."

"ನಿಮ್ಮ ಅಂದಾಜಿನ ಯಂತ್ರ ಏನಂತೈತಿ?"

"ಅರ್ಧಕ್ಕರ್ಧ ಅಂತೈತಿ."

"ಆಗಬಹುದು, ಆಗಲಿಕ್ಕಿಲ್ಲ ಅಂತ ಹೇಳಾಕ ಯಂತ್ರ ಯಾಕ ಬೇಕಿತ್ತು? ನಮ್ಮ ಅಮ್ಮೀನೂ ಹೇಳ್ತಿದ್ದಳು." ಫಹಮೀದಾ ಚಹಾದ ಲೋಟ ಕೆಳಗಿಟ್ಟರು. "ನೋಡ್ರಿ, ಜನ ನನ್ನ ಮಾರಿ ನೋಡೂದಿಲ್ಲ, ನಿಮ್ಮ ಮಾರಿ ನೋಡ್ತಾರ. ಅಮಾಸಿ ದಿನ ಹೊಲದಾಗ ಎಲ್ಲಾರೂ ಕೂಡ್ತಾರಲ್ಲ, ಅಲ್ಲೇ ಹೇಳಿಬಿಡ್ರಿ. ಇರೂದೋ, ಹೋಗೂದೋ. ನೀವು ಏನ ಹೇಳ್ತೀರೋ ಅದಕ್ಕ ನನ್ನ ಒಪ್ಪಿಗಿ ಐತಿ."

"ಹೊಲದಾಗ?" ದಾಕ್ಷಾಯಿಣಿಯ ಧ್ವನಿ ಏರಿತು. "ಹೊಲದಾಗ ಅಂತ ಯಾರು ಹೇಳಿದ್ರು?"

"ಗಂಗವ್ವಾರು. ಯಾಕ, ನಿಮ್ಮನ್ನ ಕೇಳಿಲ್ಲೇನು?"

ಮನೆಗೆ ಬಂದ ದಾಕ್ಷಾಯಿಣಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. ಬಸುರಿ ಭೂಮಿತಾಯಿಯ ಬಯಕೆಯೂಟವೆಂದು ಹೊಲದ ತುಂಬ ಬೇಯಿಸಿದ ಅನ್ನ ಚೆಲ್ಲುವ ಚರಗ ಊರಿನಲ್ಲಿ ಸರಿ, ಇಲ್ಲಿ ಚೆಲ್ಲಿದರೆ ಬೂಜು ಹಿಡಿಯುತ್ತದೆ; ಬೂಜು ಹಿಡಿದರೆ ಇರುವ ಅರ್ಧ ಆಸೆಯೂ ಹೋಯಿತು. ಗಂಗವ್ವ ಅವಳ ಮಾತು ಮುಗಿಯುವ ತನಕ ಎಳ್ಳು ಆರಿಸುತ್ತ ಕೂತಿದ್ದರು. ಆ ಎಳ್ಳನ್ನು ಅವರು ತಿಂಗಳುಗಟ್ಟಲೆ ತಮ್ಮ ಪಾಲಿನಲ್ಲಿ ಉಳಿಸಿದ್ದರು. ಪಕ್ಕದ ಡಬ್ಬಿಗಳಲ್ಲಿ ಶೇಂಗಾ, ಬೆಲ್ಲ, ಒಣಗಿಸಿದ ಪುಂಡಿಸೊಪ್ಪು ಇದ್ದವು.

"ಚರಗ ಊಟದ ಮನ್ಯಾಗ ಚೆಲ್ಲಿದ್ರ ಅದು ಚರಗ ಅಲ್ಲ ಯವ್ವಾ. ಎಂಜಲಾ ಆತದು."

"ಅತ್ತಿ, ಇನ್ನೊಂದು ಮಾತು. ಊರಾಗ ಚರಗ ಚೆಲ್ಲೂದು ಯಾವಾಗ? ಕಾಳಿನ್ಯಾಗ ಹಾಲು ತುಂಬಿದ ಮ್ಯಾಲೆ. ಇಲ್ಲಿ ಇನ್ನೂ ಹೂವ ಬಿಡಾಕತ್ತಾವ. ನಿಮ್ಮ ಪಂಚಾಂಗ ಭೂಮೀದು, ಈ ಬೆಳಿ ಇಲ್ಲೀದು. ಭಾಳ ಲಗೂ ಆತು. ಹೊಲ ಇನ್ನೂ ಬಸುರಿ ಆಗೇತೋ ಇಲ್ಲೋ ಅನ್ನೂದನ ಗೊತ್ತಿಲ್ಲ, ಆಗಲೇ ಉಡಿ ತುಂಬಾಕ ಹೊಂಟೀರಿ!"

ಗಂಗವ್ವ ಎಳ್ಳಿನ ತಟ್ಟೆಯನ್ನು ಪಕ್ಕಕ್ಕಿಟ್ಟರು.

"ನಿನ್ನ ಹೊಟ್ಟ್ಯಾಗ ಕೂಸು ನಿಂತು ಹೋದಾಗ ಎರಡು ಸಲ ನಾನ ಆರೈಕಿ ಮಾಡೀನಿ. ಮೂರನೇ ಸಲ ನಿಂತಾಗ ಉಡಿ ತುಂಬಿದ್ನಿ. ಉಳೀತೈತೋ ಇಲ್ಲೋ ಅಂತ ಕೇಳಿ ತುಂಬಿದ್ನೇನು? ಅದೂ ಉಳೀಲಿಲ್ಲ. ಆದ್ರ ತುಂಬಿದ್ದು ಸುಳ್ಳಾತೇನು? ಮುಂದ ಏನ ಕೊಡತಾಳ ಅಂತ ನೋಡಿ ತುಂಬೂದಲ್ಲ ಅದು. ಇಷ್ಟ ದಿನ ಹೊತ್ತಾಳಲ್ಲ, ಅದಕ್ಕ."

ಈ ವಿಷಯವನ್ನು ಅತ್ತೆ ಇಷ್ಟು ವರ್ಷ ಬಾಯಿಬಿಟ್ಟು ಆಡಿರಲಿಲ್ಲ, ದಾಕ್ಷಾಯಿಣಿಯೂ ಆಡಿರಲಿಲ್ಲ. ಆ ಹಸಿರು ಸೀರೆ, ಮಡಿಲಿಗೆ ಬಿದ್ದ ಕೊಬ್ಬರಿ ಬಟ್ಟಲು, ಹಾಡು ಬಾರದಿದ್ದರೂ ಹಾಡಿದ ಅತ್ತೆಯ ಒಡಕು ಧ್ವನಿ, ಎಲ್ಲ ನೆನಪಾದವು. ತನ್ನ ಬದುಕಿನಲ್ಲಿ ಪೂರ್ತಿ ಸುಖವಾಗಿದ್ದ ಮಧ್ಯಾಹ್ನಗಳಲ್ಲಿ ಅದೂ ಒಂದು ಎಂದು ಅವಳಿಗೆ ಆಗ ಹೊಳೆಯಿತು. ಆಮೇಲೆ ಬಂದ ದುಃಖ ಅದನ್ನು ಅಳಿಸಿರಲಿಲ್ಲ.

ಗಂಡ ವಿರೂಪಾಕ್ಷ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಗುಮ್ಮಟಗಳ ಗಾಳಿ ನೋಡಿಕೊಳ್ಳುವ ಇಂಜಿನಿಯರ್ ಅವನು. ತಾಯಿ ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದ.

"ಈ ಸಲ ಹೋಗಿಬಿಡೂಣು ದಾಕ್ಷಾ. ಹೋದ ಬೆಳಿ ಜೊಳ್ಳಾದಾಗ ನಿನ್ನ ನೋಡೀನಿ ನಾನು. ಇನ್ನೊಂದು ಸಲ ಹಂಗ ನೋಡಾಕ ನನ್ನಿಂದ ಆಗೂದಿಲ್ಲ."

ನಿಜ ಹೇಳಬೇಕೆಂದರೆ ಅವಳೂ ಒಳಗೊಳಗೆ ಅದನ್ನೇ ತೀರ್ಮಾನಿಸಿದ್ದಳು. ಇಷ್ಟು ಜನರ ಹೊಟ್ಟೆಯ ಪ್ರಶ್ನೆ. ಗೊತ್ತಿಲ್ಲದ ಮೇಲೆ ಹೋಗಿ ಎನ್ನುವುದೇ ಮರ್ಯಾದೆ. ಹೊಲ ಹೇಗೂ ಬಿಟ್ಟುಹೋಗುವುದಾದರೆ ಅತ್ತೆಯ ಕೊನೆಯ ಆಸೆಗೆ ಅಡ್ಡ ಬರುವುದೇಕೆ ಎಂದುಕೊಂಡು ಒಪ್ಪಿಗೆ ಕೊಟ್ಟಳು. ಆದರೂ ವಿಜ್ಞಾನಿ ವಿಜ್ಞಾನಿಯೇ. ಚರಗದ ಅಡುಗೆಯನ್ನೆಲ್ಲ ಪ್ರಯೋಗಾಲಯದ ಕುಕ್ಕರಿನಲ್ಲಿ ಮತ್ತೊಮ್ಮೆ ಬೇಯಿಸಿ ಕ್ರಿಮಿ ಸಾಯಿಸಬೇಕು, ಎಲ್ಲರೂ ಮಿಂದು ಒಗೆದ ಬಟ್ಟೆ ಉಟ್ಟು, ಕಾಲಿಗೆ ಚೀಲ ಕಟ್ಟಿಕೊಂಡು ಬರಬೇಕು ಎಂದು ಷರತ್ತು ಹಾಕಿದಳು.

"ಭೂಮ್ತಾಯಿಗೆ ದವಾಖಾನಿ ಊಟ!" ಎಂದು ಗಂಗವ್ವ ಕುಕ್ಕರಿನಿಂದ ಹೊರಬಂದ ಮುದ್ದೆಯಂಥ ಕಡಬುಗಳನ್ನು ನೋಡಿ ಹಣೆ ಚಚ್ಚಿಕೊಂಡರು. "ಹಲ್ಲಿಲ್ಲದಕೀಗೆ ಮಾಡಿದಂಗ ಆಗೇತಿ."

ಅಮವಾಸ್ಯೆಯ ಬೆಳಿಗ್ಗೆ ಗುಮ್ಮಟದ ದೀಪಗಳು ಆಗಷ್ಟೇ ಬೆಳಗಿದ್ದವು. ಹೊಲದ ಮೂಲೆಯಲ್ಲಿ ಗಂಗವ್ವ ಐದು ಕಲ್ಲು ಹೂಡಿದರು. ಪಾಂಡವರು ಎಂದು ಪೂಜೆಗೊಳ್ಳುವ ಆ ಐದು ಕಲ್ಲುಗಳು ಇಲ್ಲಿ ಉಪ್ಪು ತೊಳೆದ ಅಪ್ಪಟ ಮಂಗಳದ ಕೆಂಪು ಕಲ್ಲುಗಳೇ. ಸುಣ್ಣದ ಬದಲು ಗೋಡೆಗೆ ಬಳಿದು ಉಳಿದ ಬಿಳಿ ಬಣ್ಣ ಹಚ್ಚಿದ್ದರು. ದೀಪಕ್ಕೆ ಬೆಂಕಿ ಹಚ್ಚಲು ವಿರೂಪಾಕ್ಷ ಬಿಡಲಿಲ್ಲವಾದ್ದರಿಂದ ಒಂದು ಬ್ಯಾಟರಿ ದೀಪ ಕೂತಿತ್ತು. ಪೂಜೆ ಮುಗಿಸಿ, ಬುಟ್ಟಿಯನ್ನು ಸೊಂಟಕ್ಕೇರಿಸಿ, ಗಂಗವ್ವ ಚರಗ ಚೆಲ್ಲುವಾಗಿನ ಕೂಗು ಹಾಕುತ್ತ ಜೋಳದ ಸಾಲಿನೊಳಗೆ ಹೆಜ್ಜೆ ಇಟ್ಟರು.

"ಹುಲ್ಲುಲ್ಲಿಗೋ!"

ಹಿಂದೆ ನೀರಿನ ತಂಬಿಗೆ ಹಿಡಿದ ಫಹಮೀದಾ ಚಿಕ್ಕಂದಿನಲ್ಲಿ ನೆರೆಮನೆಯವರ ಹೊಲದಲ್ಲಿ ಕಲಿತ ಮರುಕೂಗನ್ನು ಮರೆತಿರಲಿಲ್ಲ. "ಸಲಾಂಬ್ರಿಗೋ!" ಎಂದು ಕೂಗಿದರು.

ಅವರ ಹಿಂದೆ ಎರೆಹೊಲದ ಜನರೆಲ್ಲ ನುಗ್ಗಿದರು. ಬೆಳೆ ಭುಜದೆತ್ತರ ಇತ್ತು, ಸಾಲುಗಳು ಇಕ್ಕಟ್ಟು. ಕೊಳವೆಗಳಿಗೆ ಮಾಡಿದ ಹೊಲವೇ ಹೊರತು ಮನುಷ್ಯರಿಗೆ ಮಾಡಿದ್ದಲ್ಲ. ದಂಟುಗಳನ್ನು ಎರಡೂ ಕೈಯಿಂದ ಸರಿಸುತ್ತ, ತೆನೆಗಳು ಮುಖಕ್ಕೆ ತಲೆಗೆ ಬಡಿಯುತ್ತ, ಒಬ್ಬರ ಹಿಂದೊಬ್ಬರು ಓಡಿದರು. ಚೆಲ್ಲಿದ ಚರಗ ಭೂಮಿಯಲ್ಲಿ ಬೀಳುವಂತೆ ಬೀಳಲಿಲ್ಲ. ಮೇಲೆದ್ದು, ಗಾಳಿಯಲ್ಲಿ ಒಂದು ಗಳಿಗೆ ಹರಡಿಕೊಂಡು, ನಿಧಾನವಾಗಿ ಇಳಿಯಿತು. ಅದನ್ನು ನೋಡಿ ಮೊದಲು ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಎಷ್ಟೋ ತಿಂಗಳಿಂದ ಯಂತ್ರಗಳ ಗುಂಯ್ ಸದ್ದು ಬಿಟ್ಟು ಬೇರೇನೂ ಕೇಳದಿದ್ದ ಆ ಗುಮ್ಮಟದಲ್ಲಿ ಕೂಗು, ನಗು, ಎಲೆಗಳ ಸರಸರ ತುಂಬಿತು.

ದಾಕ್ಷಾಯಿಣಿಯೂ ಹೋದಳು. ತಾನು ಬೆಳೆಸಿದ ಹಸಿರು ಬೆಳೆಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಜೋಳದ ಎಲೆ ಕೆನ್ನೆಗೆ ತಾಗಿದಾಗ ಅವಳಿಗೆ ಅಳುವೇ ಬಂತು. ವಿಷದ ಉಪ್ಪು, ತೆಳು ಗಾಳಿ, ಕೊರೆಯುವ ಚಳಿಯ ಈ ಗ್ರಹದಲ್ಲಿ ಇಷ್ಟೊಂದು ಹಸಿರು ಎದ್ದು ನಿಂತಿದೆಯಲ್ಲ! ಕಾಳು ಕಟ್ಟೀತೋ ಇಲ್ಲವೋ ಎಂಬ ಚಿಂತೆಯಲ್ಲಿ ಈ ಬೆಳೆಗೆ ಒಂದು ದಿನವೂ ತಾನು ಭೇಷ್ ಎನ್ನಲಿಲ್ಲ ಎಂದು ನಾಚಿಕೆಯಾಯಿತು. ಸುತ್ತು ಮುಗಿಸಿ ಬಂದ ಗಂಗವ್ವನ ಕಪ್ಪು ಸೀರೆಯ ಮೇಲೂ ಫಹಮೀದಾರ ದುಪಟ್ಟಾದ ಮೇಲೂ ಹಳದಿ ಪುಡಿ ಉದುರಿತ್ತು. ಒಗೆದ ಬಟ್ಟೆ ಹಾಳಾಯಿತೆಂದು ದಾಕ್ಷಾಯಿಣಿ ಅದನ್ನು ಕೊಡವಿ ತೆಗೆದಳು.

ಎಲ್ಲರೂ ಹೊಲದ ಬದಿಗೆ ಪಂಕ್ತಿಯಾಗಿ ಕೂತರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ; ಇದ್ದದ್ದು ಒಬ್ಬೊಬ್ಬರಿಗೆ ಒಂದೊಂದು ತುಣುಕು. ಊಟದ ನಡುವೆ ಫಹಮೀದಾ ಅವಳತ್ತ ನೋಡಿದರು. ದಾಕ್ಷಾಯಿಣಿ ಎದ್ದು ನಿಂತಳು. ಹೇಳಬೇಕಾದದ್ದನ್ನು ಅವಳು ಚೆನ್ನಾಗಿ ಜೋಡಿಸಿಕೊಂಡು ಬಂದಿದ್ದಳು: ನನ್ನ ಮೇಲೆ ಭರವಸೆ ಇಟ್ಟಿದ್ದಕ್ಕೆ ಶರಣು, ಎಲ್ಲರೂ ಹೋಗೋಣ. ಬಾಯಿ ತೆರೆದಾಗ ಬಂದದ್ದು ಬೇರೆ.

"ಕಾಳು ಕಟ್ಟತಾವೋ ಇಲ್ಲೋ ನನಗ ಗೊತ್ತಿಲ್ಲ. ಯಂತ್ರಕ್ಕೂ ಗೊತ್ತಿಲ್ಲ. ನೌಕೆ ಹೋಗೂದರೊಳಗ ಗೊತ್ತಾಗೂದೂ ಇಲ್ಲ. ಹಿಂಗಾಗಿ ಇರ್ರಿ ಅಂತ ನಾ ಯಾರಿಗೂ ಹೇಳೂದಿಲ್ಲ. ಹೋದವರನ್ನ ಯಾರೂ ಒಂದು ಮಾತು ಅನಬಾರದು. ಆದ್ರ ನನ್ನ ಮಾತು ಕೇಳಿದ್ರ…" ಅವಳು ಹೊಲದ ಕಡೆ ತಿರುಗಿ ನೋಡಿದಳು. "ಈಗ ಉಡಿ ತುಂಬಿ ಬಂದೀನಿ. ಹೆರಿಗಿ ಆಗೂದರೊಳಗ ಬಿಟ್ಟು ಹೆಂಗ ಹೋಗ್ಲಿ? ನಾ ಇರತೀನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಕೂತಳು. ಪಕ್ಕದಲ್ಲಿದ್ದ ವಿರೂಪಾಕ್ಷ ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಪಾಲಿನ ಹೋಳಿಗೆ ತುಣುಕನ್ನು ಅವಳ ತಟ್ಟೆಗೆ ಹಾಕಿ, "ಹಂಗಾರ ನಾಳೆ ಆ ಹಳೇ ಪಂಪ್ ಬಿಚ್ಚಿ ರಿಪೇರಿ ಮಾಡಬೇಕು" ಎಂದ. ಅವನು ಉಳಿಯುತ್ತಾನೆ ಎಂದು ತಿಳಿದುಕೊಳ್ಳಲು ಅವಳಿಗೆ ಇನ್ನೊಂದು ಮಾತು ಬೇಕಾಗಲಿಲ್ಲ.

ಕೆಲವರು ಹೋದರು. ಹೋಗಬೇಕಾದ ಕಾರಣ ಅವರಿಗಿತ್ತು, ಯಾರೂ ಕೇಳಲಿಲ್ಲ. ಹೊರಡುವ ಮೊದಲು ಅವರು ತಮ್ಮ ಪಾಲಿನ ಅಕ್ಕಿ, ಬೇಳೆ, ಹಿಟ್ಟಿನ ಡಬ್ಬಿಗಳನ್ನೆಲ್ಲ ಅಡುಗೆಮನೆಯ ಮುಂದೆ ಇಟ್ಟುಹೋದರು. ಒಬ್ಬರು ಊರಿಂದ ತಂದು ಇಷ್ಟು ವರ್ಷ ಯಾರಿಗೂ ತೋರಿಸದೆ ಕಾಪಾಡಿಕೊಂಡಿದ್ದ ಕೆಂಪು ಚಟ್ನಿಯ ಬಾಟಲಿಯನ್ನೂ ಇಟ್ಟಿದ್ದರು. ಅದನ್ನು ನೋಡಿ ಫಹಮೀದಾ ದುಪಟ್ಟಾದಿಂದ ಕಣ್ಣು ಒರೆಸಿಕೊಂಡರು. ಅಧಿಕಾರಿಗಳು ಹಾಗೆಲ್ಲ ಅಳಬಾರದು ಎಂದು ನಿಯಮವೇನೂ ಇರಲಿಲ್ಲ.

ನೌಕೆ ಏಳುವುದನ್ನು ಉಳಿದವರು ನಿಯಂತ್ರಣ ಕೊಠಡಿಯ ಪರದೆಯ ಮೇಲೆ ನೋಡಿದರು. ಧೂಳು ಎದ್ದಿತು, ಬೆಳಕೊಂದು ಮೇಲೇರಿತು, ಸಣ್ಣದಾಯಿತು, ಕಾಣದಾಯಿತು. ದಾಕ್ಷಾಯಿಣಿ ಲೆಕ್ಕ ಹಾಕಿದಳು. ಇನ್ನು ಎರಡು ವರ್ಷ ಈ ಗ್ರಹದಿಂದ ಹೊರಗೆ ದಾರಿಯಿಲ್ಲ, ಮತ್ತು ಅದಕ್ಕೆ ಅರ್ಧ ಕಾರಣ ತಾನು. ಭಯವಾಯಿತು ಎಂದರೆ ಕಡಿಮೆ ಹೇಳಿದ ಹಾಗೆ.

"ನಡಿ, ಅಡಗಿಗೆ ಹೊತ್ತಾತು" ಎಂದರು ಗಂಗವ್ವ.

ಹೂವು ಅರಳಿ ಎರಡು ವಾರ ಕಳೆದ ಮೇಲೆ ಕಾಳಿನ ಪರೀಕ್ಷೆ ಮಾಡಬಹುದು. ಯಂತ್ರ ಬೇಡ, ಉಗುರಿನಿಂದ ಒತ್ತಿದರೆ ಸಾಕು. ಕಟ್ಟಿದ್ದರೆ ಬಿಳಿ ಹಾಲು ಹೊರಬರುತ್ತದೆ, ಇಲ್ಲವಾದರೆ ಬರೀ ಹೊಟ್ಟು. ಆ ದಿನ ದಾಕ್ಷಾಯಿಣಿ ಒಬ್ಬಳೇ ಒಳಗೆ ಹೋದಳು. ಜೊತೆಗೆ ಬರುತ್ತೇನೆಂದ ವಿರೂಪಾಕ್ಷನನ್ನು ಬಾಗಿಲಲ್ಲೇ ನಿಲ್ಲಿಸಿದಳು.

ಮೊದಲ ತೆನೆಯ ತುದಿಯನ್ನು ಒತ್ತಿದಳು. ಹೊಟ್ಟು. ಪಕ್ಕದ ತೆನೆಯ ತುದಿ. ಹೊಟ್ಟು. ಮುಂದಿನ ಸಾಲಿಗೆ ಹೋದಳು, ಅದರ ಮುಂದಿನದಕ್ಕೆ ಹೋದಳು. ಎಲ್ಲೆಲ್ಲೂ ಉಗುರಿನ ಕೆಳಗೆ ಒಣ ಸಿಪ್ಪೆ ಚಿಟಚಿಟ ಎಂದಿತು. ಹೋದ ಸಲದ ಹಾಗೆಯೇ. ಬೋರಾನ್ ಕಾರಣವಾಗಿರಲಿಲ್ಲ. ಹೊರಗೆ ಹೋಗಿ ಏನೆಂದು ಹೇಳುವುದು? ಅವಳ ಒಂದು ಮಾತಿಗೆ ಉಳಿದವರ ಮುಖಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಬೀಳದಿರಲೆಂದು ಪಕ್ಕದ ತೆನೆಯನ್ನು ನಡುವಿಗೆ ಗಟ್ಟಿಯಾಗಿ ಹಿಡಿದುಕೊಂಡಳು.

ಅಂಗೈ ಒದ್ದೆಯಾಯಿತು.

ಕೈ ಬಿಡಿಸಿ ನೋಡಿದಳು. ಬೆರಳ ಸಂದಿಯಲ್ಲಿ ಬೆಳ್ಳಗೆ ಹಾಲು. ತೆನೆಯ ತುದಿ ಜೊಳ್ಳು, ಬುಡವೂ ಜೊಳ್ಳು, ನಡುವೆ ಮಾತ್ರ ಸೊಂಟಕ್ಕೆ ಡಾಬು ಕಟ್ಟಿದ ಹಾಗೆ ಎರಡು ಬೆರಳಗಲ ಕಾಳು ತುಂಬಿ ನಿಂತಿತ್ತು. ಇನ್ನೊಂದು ತೆನೆಯನ್ನು ತಿರುಗಿಸಿ ನೋಡಿದಳು. ಅದರಲ್ಲಿ ಪಟ್ಟಿ ಸ್ವಲ್ಪ ಕೆಳಗೆ. ಮತ್ತೊಂದರಲ್ಲಿ ಸ್ವಲ್ಪ ಮೇಲೆ. ಎಲ್ಲದರಲ್ಲೂ ಒಂದೇ ಒಂದು ಪಟ್ಟಿ. ಅವಳು ಹುಚ್ಚಿಯಂತೆ ಗೋಡೆಯ ಕಡೆ ಓಡಿದಳು. ಅಲ್ಲಿ ಕೊಳವೆಗಳು ಅಡ್ಡವಿದ್ದುದರಿಂದ ಚರಗದ ದಿನ ಯಾರೂ ಹೋಗಿರಲಿಲ್ಲ. ಆ ಸಾಲಿನ ತೆನೆಗಳಲ್ಲಿ ಪಟ್ಟಿಯೂ ಇಲ್ಲ, ಪೂರ್ತಿ ಜೊಳ್ಳು.

ಗಂಗವ್ವನ ಸೀರೆಯಿಂದ ತಾನೇ ಕೊಡವಿ ತೆಗೆದ ಹಳದಿ ಪುಡಿ ನೆನಪಾಗಿ ದಾಕ್ಷಾಯಿಣಿ ಅಲ್ಲೇ ನೆಲಕ್ಕೆ ಕೂತು ಅತ್ತಳು, ನಕ್ಕಳು, ಮತ್ತೆ ಅತ್ತಳು.

"ಜೋಳಕ್ಕ ದುಂಬಿ ಬ್ಯಾಡ, ಮತ್ತೊಂದು ಗಿಡ ಬ್ಯಾಡ" ಎಂದು ನಿಯಂತ್ರಣ ಕೊಠಡಿಯಲ್ಲಿ ಅವಳು ಫಹಮೀದಾರಿಗೆ ವಿವರಿಸಿದಳು. ಮಾತು ಒಂದರ ಮೇಲೊಂದು ಬೀಳುತ್ತಿತ್ತು. "ತನ್ನ ಪರಾಗ ತನ್ನ ಹೂವಿನ ಮ್ಯಾಲೆ ತಾನ ಬೀಳತೈತಿ ಅಂತ ಎಲ್ಲಾ ಪುಸ್ತಕದಾಗೂ ಐತಿ. ಬೀಳಾಕ ಭಾರ ಬೇಕಲ್ರಿ ಮೇಡಂ! ಒಂಚೂರು ಗಾಳಿನೂ ಬೇಕು. ಇಲ್ಲಿ ಭಾರಾನೂ ಇಲ್ಲ, ಗಾಳೀನೂ ಇಲ್ಲ, ಬರೀ ತೇವ. ಪರಾಗ ಗಂಟಾಗಿ ಅಲ್ಲೇ ಅಂಟಿ ಕುಂತಿತ್ತು. ಒಳಗ ಯಾರೂ ಕಾಲಿಡಬ್ಯಾಡ್ರಿ ಅಂತ ನಿಯಮ ಮಾಡಿ ನಾನ ಬೆಳಿ ಬಂಜಿ ಮಾಡಿಟ್ಟಿದ್ದೆ. ತೆನಿ ಒಂದ ದಿನಕ್ಕ ಪೂರ್ತಿ ಹೂವ ಬಿಡೂದಿಲ್ಲ, ತುದಿಯಿಂದ ಬುಡಕ್ಕ ದಿನಾ ಒಂದೊಂದು ಪಟ್ಟಿ ಅರಳತೈತಿ. ಚರಗದ ದಿನ ಯಾವ ಪಟ್ಟಿ ಅರಳಿತ್ತೋ, ನಮ್ಮ ಮೈ ತಾಗಿ ಪರಾಗ ಉದುರಿ ಆ ಪಟ್ಟಿ ಅಷ್ಟ ಕಾಳು ಕಟ್ಟೇತಿ!"

"ಮತ್ತ ಹಾಲು ತುಂಬಿದ ಮ್ಯಾಲೆ, ಸರಿಯಾದ ಟೈಮಿಗೆ ಚರಗ ಚೆಲ್ಲಿದ್ರ?"

"ಏನೂ ಇರತಿರಲಿಲ್ಲ. ಅತ್ತಿ ಪಂಚಾಂಗ ತಪ್ಪಿದ್ದಕ್ಕ ನಾವು ಬದುಕಿವಿ."

ಫಹಮೀದಾ "ಅಲ್ಲಾಹ್, ನಿನ್ನ ಶುಕರ್" ಎಂದು ಮೆಲ್ಲಗೆ ಹೇಳಿದರು. ಆಮೇಲೆ ಮುಖ್ಯಸ್ಥೆಯಾದರು. "ಈ ಕಾಳು ಹೊಟ್ಟಿಗೆ ಸಾಲತೈತೇನು?"

"ಇಲ್ಲ. ಬೀಜಕ್ಕ ಸಾಕು. ಮುಂದಿನ ಬೆಳಿಗೆ ಹೆದರಿಕಿ ಇಲ್ಲ. ಅಲ್ಲೀತನ ಹ್ವಾದವರು ಬಿಟ್ಟುಹ್ವಾದದ್ದು ಐತಿ, ಅರೆಹೊಟ್ಟಿ ತಿಂದ್ರ ದಾಟತೀವಿ. ಮತ್ತ ಬುಡದಾಗ ಮರಿ ತೆನಿ ಒಡದಾವ, ಅವು ನಾಳಿಂದ ಹೂವ ಬಿಡತಾವ. ಅವನ್ನ ಪೂರ್ತಿ ಕಟ್ಟಿಸಿದ್ರ ಅರೆಹೊಟ್ಟಿ ಮುಕ್ಕಾಲು ಹೊಟ್ಟಿ ಆಗಬಹುದು."

"ಫ್ಯಾನ್ ಜೋರು ಮಾಡಿದ್ರ?"

ಅಲ್ಲೇ ನಿಂತಿದ್ದ ವಿರೂಪಾಕ್ಷ ಬೇಡವೆಂದು ತಲೆಯಾಡಿಸಿದ. "ಕೆಂಪು ಧೂಳು ಏಳತೈತಿ, ಗಾಳಿ ಶೋಧಿಸೂ ಯಂತ್ರ ಕಟ್ಟಿಕೊಂಡು ಬಿಡತೈತಿ. ಮುಂದಿನ ಬೆಳಿಗೆ ಏನರ ಸಣ್ಣದು ಮಾಡಿ ಕೊಡತೀನಿ. ಸದ್ಯಕ್ಕ ಮನಿಷ್ಯಾರ ಅಡ್ಡಾಡಬೇಕು. ಹೂವ ಮುಗಿಯೂತನ, ದಿನಾ ಬೆಳಿಗ್ಗೆ."

ಸಂಜೆ ಇದನ್ನೆಲ್ಲ ಅತ್ತೆಗೆ ಹೇಳಿ ದಾಕ್ಷಾಯಿಣಿ ಅವರ ಕಾಲು ಮುಟ್ಟಿದಳು. ಗಂಗವ್ವ ಗಾಬರಿಯಿಂದ ಕಾಲು ಹಿಂದೆ ತೆಗೆದುಕೊಂಡರು.

"ನಾ ಏನ ಮಾಡೀನಿ? ಪರಾಗ ಗಿರಾಗ ನನಗೇನು ಗೊತ್ತು. ಹೊತ್ತಾಳ, ದಣದಾಳ ಅಂತ ಉಣ್ಣಾಕ ಕೊಟ್ಟಬಂದ್ನಿ. ಕಾಳು ಕಟ್ಟಲಿಕ್ಕಿದ್ರೂ ನಾ ಕೊಟ್ಟದ್ದು ಕೊಟ್ಟದ್ದನ." ಸೊಸೆಯನ್ನು ಎಬ್ಬಿಸಿ ಕೂರಿಸಿ, ಅವಳ ಅಂಗೈಯನ್ನು ಬಿಡಿಸಿ ಮೂಸಿ ನೋಡಿದರು. ಹಸಿ ಜೋಳದ ಹಾಲಿನ ವಾಸನೆ ಇನ್ನೂ ಇತ್ತು. ಅವರ ಕಣ್ಣು ತುಂಬಿ ಬಂದವು. "ಊರಿನ ವಾಸನೀನ ಐತಿ ನೋಡ. ಎಷ್ಟು ದೂರ ಬಂದ್ರೂ ಅದ ವಾಸನಿ."

ಮರುದಿನ ಬೆಳಿಗ್ಗೆ ದೀಪ ಬೆಳಗುವ ಹೊತ್ತಿಗೆ ಎರೆಹೊಲದಲ್ಲಿ ಉಳಿದವರೆಲ್ಲ ಮಿಂದು, ಕಾಲಿಗೆ ಚೀಲ ಕಟ್ಟಿಕೊಂಡು ಹೊಲದ ಬಾಗಿಲಲ್ಲಿ ನಿಂತಿದ್ದರು. ಯಾರೂ ಎಷ್ಟೋ ತಿಂಗಳಿಂದ ಹೊಟ್ಟೆ ತುಂಬ ಉಂಡಿರಲಿಲ್ಲ, ಇನ್ನೂ ಎಷ್ಟೋ ದಿನ ಉಣ್ಣುವಂತಿರಲಿಲ್ಲ. ಗಂಗವ್ವ ಬುಟ್ಟಿ ಹೊತ್ತು ಎಲ್ಲರ ಮುಂದಿದ್ದರು. ಬುಟ್ಟಿ ಖಾಲಿ. ಚೆಲ್ಲಲು ಒಂದು ತುತ್ತೂ ಇರಲಿಲ್ಲ.

ಫಹಮೀದಾ ತಂಬಿಗೆ ಹಿಡಿದು ಛೇಡಿಸಿದರು. "ಇವತ್ತ ಯಾವ ಅಮಾಸಿ ಗಂಗವ್ವಾರ? ಪಂಚಾಂಗ ನೋಡೀರೋ ಇಲ್ಲೋ?"

"ಪಂಚಾಂಗ ಯಾಕ ಬೇಕ್ರಿ?" ಎಂದರು ಗಂಗವ್ವ. "ಹುಣ್ಣಿಮಿ ಇಲ್ಲದ ಊರಾಗ ದಿನಾ ಎಳ್ಳಮಾಸಿನ."

ಬಾಗಿಲು ತೆರೆಯಿತು. ಈ ಸಲ ದಾಕ್ಷಾಯಿಣಿ ಅತ್ತೆಗಾಗಿ ಕಾಯಲಿಲ್ಲ. ಎಲ್ಲರಿಗಿಂತ ಮೊದಲು ಸಾಲಿನೊಳಗೆ ನುಗ್ಗಿ, ಎರಡೂ ಕೈಯಿಂದ ತೆನೆಗಳನ್ನು ಸವರುತ್ತ, ಗಂಟಲು ಬಿಚ್ಚಿ ಕೂಗಿದಳು.

"ಹುಲ್ಲುಲ್ಲಿಗೋ!"